ಶೀನಣ್ಣನ ಬೆನ್ನಿಗೆ ಸನ್ಮಾನ

ತ್ಯಾಗರಾಜನಗರದ ಶೀನಣ್ಣ ಚಿತ್ರಮಂದಿರಕ್ಕೆ ಹೋಗುತ್ತಿದ್ದದ್ದು ಸಿನಿಮಾ ನೋಡುವುದಕ್ಕಲ್ಲ, ಹೆಸರು ಓದುವುದಕ್ಕೆ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೂಫ್ ತಿದ್ದಿದ ಮನುಷ್ಯ ಅವನು. ಲಗ್ನಪತ್ರಿಕೆಯಿರಲಿ, ಪಂಚಾಂಗವಿರಲಿ, ಕೊನೆಯ ಚುಕ್ಕಿಯವರೆಗೆ ಓದದೆ ಕೆಳಗಿಟ್ಟವನಲ್ಲ. ಪರದೆಯ ಮೇಲೆ ಹೀರೋ ಬಂದಾಗ ಜನ ಶಿಳ್ಳೆ ಹೊಡೆದರೆ, ‘ಸಹಾಯಕ ಧ್ವನಿಗ್ರಹಣ’ ಎಂಬ ಅಕ್ಷರಗಳು ಬಂದಾಗ ಶೀನಣ್ಣ ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ. ಹೆಂಡತಿ ಚೂಡಾಮಣಿ ಮದುವೆಯಾದ ಹೊಸದರಲ್ಲಿ, ಆ ಧ್ವನಿಗ್ರಹಣದವರು ಇವರ ಸೋದರಮಾವನಿರಬೇಕು ಎಂದುಕೊಂಡಿದ್ದಳಂತೆ.

ಅದರಲ್ಲೂ ರಾಮಾನುಜ–ಚಲುವರಾಜು ಜೋಡಿಯ ಚಿತ್ರವೆಂದರೆ ಶೀನಣ್ಣ ಸ್ನಾನ ಮಾಡಿ ಹೋಗುತ್ತಿದ್ದ. ಇಬ್ಬರೂ ಸೇರಿ ನಿರ್ದೇಶಿಸಿದ್ದು ಆರೇ ಆರು ಚಿತ್ರ. ಶೂಟಿಂಗ್ ನಡೆಯುವಾಗ ರಾಮಾನುಜ ಕಿವಿಗೆ ಹತ್ತಿ ಇಟ್ಟುಕೊಂಡು ಬರೀ ನೋಡುತ್ತಿದ್ದರು. ಚಲುವರಾಜು ಕಣ್ಣು ಮುಚ್ಚಿಕೊಂಡು ಬರೀ ಕೇಳುತ್ತಿದ್ದರು. ಇಬ್ಬರೂ ತಲೆಯಾಡಿಸಿದರೆ ಮಾತ್ರ ಓಕೆ. ಅವರ ಛಾಯಾಗ್ರಾಹಕ ಮಹಾನಂದ ಕ್ಯಾಮೆರಾವನ್ನು ಮಲ್ಲಿಗೆ ಹೂವಿನ ಬುಟ್ಟಿಯಲ್ಲಿ ಬಚ್ಚಿಟ್ಟುಕೊಂಡು ಬೀದಿಯಲ್ಲಿ ಕೂರುತ್ತಿದ್ದ. ಜನರಿಗೆ ತಾವು ಸಿನಿಮಾದಲ್ಲಿದ್ದೇವೆಂಬುದು ಟಿಕೆಟ್ ಕೊಂಡ ಮೇಲೆ ಗೊತ್ತಾಗುತ್ತಿತ್ತು. ಆರು ಚಿತ್ರಕ್ಕೂ ಅದೇ ಮಹಾನಂದ, ಅದೇ ದರ್ಜಿ, ಅದೇ ಅಡುಗೆ ಭಟ್ಟರು. “ನಿರ್ದೇಶಕರು ಇಬ್ಬರು ಅಂತೀರಿ. ಆ ಭಟ್ಟರ ಸಾರು ಕೆಟ್ಟಿದ್ದಿದ್ರೆ ಮೂರನೇ ಚಿತ್ರವೇ ಆಗ್ತಿರ್ಲಿಲ್ಲ!” ಎಂದು ಶೀನಣ್ಣ ಕಂಡಕಂಡವರೊಡನೆ ವಾದಿಸುತ್ತಿದ್ದ. ಭಟ್ಟರ ಸಾರನ್ನು ಅವನು ಉಂಡವನಲ್ಲ. ಹೆಸರು ಓದಿದ್ದ, ಅಷ್ಟೆ.

ಈ ಅಭಿಮಾನಕ್ಕೆ ಒಂದು ಸ್ವಂತ ಕಾರಣವೂ ಇತ್ತು. ಎಪ್ಪತ್ತನಾಲ್ಕರಲ್ಲಿ ಬಂದ ‘ಸರಿತೂಕ’ ಎಂಬ ಅವರ ಚಿತ್ರದಲ್ಲಿ ಹೀರೋ ತೂಕ-ಅಳತೆಯ ಇನ್‌ಸ್ಪೆಕ್ಟರು. ಅವನು ಗಾಂಧಿ ಬಜಾರಿನಲ್ಲಿ ನಡೆದು ಬರುವಾಗ ಹಿಂದುಗಡೆ, ಸರಿಯಾಗಿ ನಾಲ್ಕು ಸೆಕೆಂಡು, ತರಕಾರಿ ಗುಡ್ಡೆಯ ಮುಂದೆ ಬಗ್ಗಿದ ಒಂದು ಬೆನ್ನು ಕಾಣಿಸುತ್ತದೆ. ಚಿತ್ರಮಂದಿರದಲ್ಲಿ ಅದನ್ನು ಕಂಡು ಚೂಡಾಮಣಿ, “ರೀ! ಅದು ನಾನು ಹಾಕಿದ ತೇಪೆ!” ಎಂದು ಕಿರುಚಿದ್ದಳು. ಬಲಭುಜದ ಕೆಳಗೆ ವೀಳ್ಯದೆಲೆಯ ಆಕಾರದ ತೇಪೆ. ಬೆನ್ನು ಶೀನಣ್ಣನದೇ. ಚಿತ್ರ ಮುಗಿದ ಮೇಲೆ ಪರದೆಯ ಮೇಲೆ ಕೊನೆಯ ಸಾಲು ಬಂತು: ‘ಹೆಸರು ಕೇಳಲು ಮರೆತ ಇಬ್ಬರಿಗೆ ನಮಸ್ಕಾರ’. ಆ ಇಬ್ಬರಲ್ಲಿ ಒಬ್ಬ ತಾನೇ ಎಂದು ಶೀನಣ್ಣ ಅವತ್ತೇ ತೀರ್ಮಾನಿಸಿದ. ಇನ್ನೊಬ್ಬರು ಯಾರೆಂದು ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಯೋಚಿಸಲಿಲ್ಲ. ದೊಡ್ಡವರಿಗೆ ಇಂಥ ಸಣ್ಣ ವಿಷಯಕ್ಕೆ ಪುರುಸೊತ್ತೆಲ್ಲಿ?

ತೊಂಬತ್ತೊಂಬತ್ತರಲ್ಲಿ ಶೀನಣ್ಣನ ಮಗಳು ಸುಪ್ರಜಾಳಿಗೆ ಶಂಕರಪುರಂನ ಶ್ರೀಹರಿ ರಾಯರ ಮಗನೊಂದಿಗೆ ಮಾತುಕತೆಯಾಯಿತು. ರಾಯರು ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ತಮ್ಮ ಮನೆಯ ಅಕ್ಕಿ ಅಳೆಯುವ ಪಾವಿಗೂ ಸರ್ಕಾರಿ ಮುದ್ರೆ ಒತ್ತಿಸಿದ್ದಾರೆಂದು ಪ್ರತೀತಿ. ಹೆಣ್ಣು ನೋಡಲು ಬಂದಾಗ ಅವರು ಹಾಕಿದ್ದು ಒಂದೇ ಷರತ್ತು: “ನಮಗೆ ಏನೂ ಕೊಡಬೇಡಿ. ಹುಡುಗಿ ತಂದೆ ಕೈ ಶುದ್ಧ ಇರ್ಬೇಕು, ಸಾಕು.”

ಶೀನಣ್ಣ ಎರಡೂ ಕೈ ತೋರಿಸಿ ನಕ್ಕ. ಎಲ್ಲವೂ ಅಲ್ಲಿಗೇ ನಿಂತಿದ್ದರೆ ಈ ಕಥೆಯಿಲ್ಲ. ಕಾಫಿ ಕುಡಿಯುತ್ತಾ ರಾಯರು, “ನಮ್ಮ ಇಲಾಖೆ ಮೇಲೆ ಬಂದ ಒಂದೇ ಒಂದು ಸಿನಿಮಾ ‘ಸರಿತೂಕ’, ನೋಡಿದೀರಾ?” ಎಂದರು. ಶೀನಣ್ಣನ ನಾಲಿಗೆ ಸುಮ್ಮನಿರಲಿಲ್ಲ.

“ನೋಡೋದೇನು, ಅದರಲ್ಲಿ ಮಾಡಿದೀನಿ.”

“ಏನು ಪಾತ್ರ?”

“ಸಣ್ಣದು. ಆದ್ರೆ ತುಂಬಾ… ಒಳಗಿಂದ ಮಾಡಬೇಕಾದ್ದು,” ಎಂದ ಶೀನಣ್ಣ. ಚೂಡಾಮಣಿ ಒಳಗಿಂದಲೇ ಕೆಮ್ಮಿದಳು.

ಬೆಳಗಾಗುವಷ್ಟರಲ್ಲಿ ಸುದ್ದಿಗೆ ಉಪ್ಪು ಖಾರ ಹತ್ತಿತು. ಹಾಲಿನ ಬೂತಿನಲ್ಲಿ ಶೀನಣ್ಣ ಹೀರೋವಿನ ಸ್ನೇಹಿತನಾಗಿದ್ದ. ಬಸ್ ಸ್ಟಾಪಿನ ಹೊತ್ತಿಗೆ ಖಳನಾಯಕನಾದ. ಪಕ್ಕದ ಮನೆಯಾಕೆ ಬಂದು, “ಅಷ್ಟು ದೊಡ್ಡ ಕಲಾವಿದರು ನೀವು, ನಾವು ಏನೋ ಅಂತ ನಿಮ್ಮ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಿಬಿಟ್ವಲ್ಲ ಆವತ್ತು,” ಎಂದು ಕ್ಷಮೆ ಕೇಳಿದಳು. ಮೂರು ತಿಂಗಳಿಂದ ಶೀನಣ್ಣನ ಅರ್ಜಿಯ ಮೇಲೆ ಟೀ ಲೋಟ ಇಟ್ಟುಕೊಂಡಿದ್ದ ಒಂದು ಕಚೇರಿಯ ಗುಮಾಸ್ತರು ಲೋಟವನ್ನು ಎತ್ತಿ ಪಕ್ಕಕ್ಕಿಟ್ಟು, ಎದ್ದು ನಿಂತು, “ಸರ್, ನನ್ನ ಭಾಮೈದ ಅಳೋ ಪಾತ್ರ ಚೆನ್ನಾಗಿ ಮಾಡ್ತಾನೆ,” ಎಂದರು. ಶೀನಣ್ಣ ಯಾವುದನ್ನೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗಂಭೀರವಾಗಿ ತಲೆಯಾಡಿಸುತ್ತಾ ಬಂದ.

ಕೊನೆಗೆ ಸುದ್ದಿ ಮಲ್ಲಿಕಾರ್ಜುನಯ್ಯನವರ ಕಿವಿ ಮುಟ್ಟಿತು. ಅವರು ಪೇಟೆಯ ಜವಳಿ ವ್ಯಾಪಾರಿ, ನಮ್ಮ ಬಡಾವಣೆಯ ಚಿತ್ರಪ್ರೇಮಿ ಸಂಘದ ಅಧ್ಯಕ್ಷರು. ಅಂಗಡಿಯಲ್ಲಿ ಶಾಲು ಇದ್ದೇ ಇತ್ತು. ಹೊದಿಸಲು ಹೆಗಲು ಹುಡುಕುವುದೊಂದೇ ಅವರ ಕೆಲಸ.

“ಶೀನಣ್ಣೋರೇ, ‘ಸರಿತೂಕ’ಕ್ಕೆ ಇಪ್ಪತ್ತೈದು ವರ್ಷ! ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಂಕರಪುರಂ ಛತ್ರದಲ್ಲಿ ಚಿತ್ರ ಹಾಕಿಸ್ತೀನಿ. ನಿರ್ದೇಶಕರಿಬ್ಬರನ್ನೂ ಕರೆಸ್ತೀನಿ. ನಿಮಗೆ ಸನ್ಮಾನ, ಎಲ್ಲರಿಗೂ ವಾಂಗೀಬಾತ್. ನೀವು ಅವರ ಚಿತ್ರಗಳ ಬಗ್ಗೆ ಎರಡು ಮಾತು.”

ಶೀನಣ್ಣ ಎರಡು ಮಾತನ್ನು ಹದಿನಾಲ್ಕು ಪುಟದಲ್ಲಿ ಬರೆದು, ಪ್ರೂಫ್ ತಿದ್ದಿ, ತಯಾರಾದ.

ನಿರ್ದೇಶಕರನ್ನು ಕರೆಯಲು ಶೀನಣ್ಣ, ಮಲ್ಲಿಕಾರ್ಜುನಯ್ಯ ಇಬ್ಬರೂ ಮಲ್ಲೇಶ್ವರಕ್ಕೆ ಹೋದರು. ರಾಮಾನುಜ, ಚಲುವರಾಜು ಅಕ್ಕಪಕ್ಕದ ಮನೆಗಳಲ್ಲಿದ್ದು ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ವಯಸ್ಸು ಎಪ್ಪತ್ತೈದು ದಾಟಿತ್ತು. ಒಬ್ಬರ ಕಿವಿಯಲ್ಲಿ ಈಗಲೂ ಹತ್ತಿ, ಇನ್ನೊಬ್ಬರ ಕಣ್ಣು ಈಗಲೂ ಮುಚ್ಚಿತ್ತು. ಶೀನಣ್ಣ ಮಲ್ಲಿಕಾರ್ಜುನಯ್ಯನವರ ಹಿಂದಕ್ಕೆ ಸರಿದು ನಿಂತ. ಅವರು ‘ಯಾರಯ್ಯ ನೀನು’ ಎಂದರೆ ಮಲ್ಲಿಕಾರ್ಜುನಯ್ಯನವರ ಶಾಲು ಅಂಗಡಿಗೆ ವಾಪಸು.

“ಇವರು ನಿಮ್ಮ ‘ಸರಿತೂಕ’ದ ಶೀನಣ್ಣ,” ಎಂದರು ಮಲ್ಲಿಕಾರ್ಜುನಯ್ಯ.

ರಾಮಾನುಜರು ಶೀನಣ್ಣನ ಮುಖವನ್ನು ದಿಟ್ಟಿಸಿದರು. “ನೋಡೇ ಇಲ್ಲ.”

“ತಡಿ,” ಎಂದರು ಚಲುವರಾಜು, ಕಣ್ಣು ಬಿಡದೆ. “ಎಲ್ಲಿ ಸ್ವಾಮಿ, ‘ಕೊಸರು ಹಾಕಮ್ಮ’ ಅನ್ನಿ.”

“ಕೊ… ಕೊಸರು ಹಾಕಮ್ಮ,” ಎಂದ ಶೀನಣ್ಣ.

“ಇವರೇ!”

“ಹಾಗಾದ್ರೆ ತಿರುಗಿ ನಿಂತ್ಕೊಳ್ಳಿ,” ಎಂದರು ರಾಮಾನುಜ. ಶೀನಣ್ಣ ತಿರುಗಿದ. “ಸ್ವಲ್ಪ ಬಗ್ಗಿ.” ಬಗ್ಗಿದ. “ಅಯ್ಯೋ, ಇವರೇ ಕಣೋ! ಇಪ್ಪತ್ತೈದು ವರ್ಷದಿಂದ ಈ ಬೆನ್ನು ಹುಡುಕ್ತಿದೀವಲ್ಲೋ!” ಎಂದು ಆ ಹಿರಿಯರು ಎದ್ದು ಬಂದು ಶೀನಣ್ಣನ ಬೆನ್ನನ್ನು ಅಪ್ಪಿಕೊಂಡರು. ಮಲ್ಲಿಕಾರ್ಜುನಯ್ಯನವರು ಕಣ್ಣೊರೆಸಿಕೊಂಡರು. ಭೂಮಂಡಲದಲ್ಲಿ ಬೆನ್ನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲಿರಬೇಕು.

“ನಿಮ್ಮ ಆ ದೃಶ್ಯ ಪೂರ್ತಿ ಎರಡೂವರೆ ನಿಮಿಷ ಇತ್ತು,” ಎಂದರು ರಾಮಾನುಜ. “ಆಗ ತೆಗೆದುಹಾಕಿದ್ವಿ.”

“ಈಗ ಪುನಃ ಸೇರಿಸಿದೀವಿ. ಭಾನುವಾರ ಅದನ್ನೇ ತೋರಿಸೋದು,” ಎಂದರು ಚಲುವರಾಜು.

“ಅದರಲ್ಲೂ ಬೆನ್ನೇ ತಾನೇ?” ಎಂದು ಶೀನಣ್ಣ ವಿನಯದಿಂದ ಕೇಳಿದ.

“ಇಲ್ಲ. ಕೈಯೂ ಇದೆ.”

ಶೀನಣ್ಣನ ಹೊಟ್ಟೆಯಲ್ಲಿ ಏನೋ ಧಪ್ಪೆಂದು ಬಿತ್ತು. ಏನು ಬಿತ್ತೆಂದರೆ, ಒಂದು ಬದನೆಕಾಯಿ.

ಎಪ್ಪತ್ತನಾಲ್ಕರ ಆ ಬೆಳಿಗ್ಗೆ ಚೂಡಾಮಣಿ ವಾಂಗೀಬಾತಿಗೆಂದು ಅರ್ಧ ಕೆಜಿ ಬದನೆಕಾಯಿ ತರಲು ಕಳಿಸಿದ್ದಳು. ಗಾಂಧಿ ಬಜಾರಿನ ಮೂಲೆಯಲ್ಲಿ ಕೂರುವ ಹನುಮಕ್ಕ ತೂಗಿ ಕೊಟ್ಟಳು. ತೂಕವಾದ ಮೇಲೆ ಕೈಯೆತ್ತಿ ಒಂದಿಷ್ಟು ಹೆಚ್ಚಿಗೆ ಹಾಕುವುದು ಕೊಸರು. ಅದಿಲ್ಲದೆ ಬಸವನಗುಡಿಯ ಯಾವ ಗಂಡಸೂ ತರಕಾರಿ ಚೀಲ ಮುಚ್ಚಿದ್ದಿಲ್ಲ. ಹನುಮಕ್ಕ ಮಾತ್ರ, “ಕೊಸರು ಗಿಸರು ಏನಿಲ್ಲ ಸ್ವಾಮಿ, ತೂಕ ಸರಿಯಾಗೈತೆ,” ಎಂದು ಬಿಟ್ಟು ಆಚೆ ತಿರುಗಿ ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಶೀನಣ್ಣನ ಕೈ ಗುಡ್ಡೆಗೆ ಹೋಯಿತು. ಒಂದು ಬದನೆಕಾಯಿ ಚೀಲಕ್ಕೆ ಬಿತ್ತು. ಮನೆಯಲ್ಲಿ ‘ಕೊಸರು ಹಾಕಿಸ್ಕೊಂಡು ಬಂದೆ’ ಎಂದು ಮೀಸೆ ತಿರುವಿದ್ದೂ ಆಯಿತು. ಅವತ್ತಿನಿಂದ ಇವತ್ತಿನವರೆಗೆ ಅವನು ಹನುಮಕ್ಕನ ಮೂಲೆಗೆ ಕಾಲಿಟ್ಟಿರಲಿಲ್ಲ. ಹೂವಿನ ಅಂಗಡಿಗಳ ಕಡೆಯಿಂದ ಸುತ್ತಿ ಬಳಸಿ ಹೋಗುತ್ತಿದ್ದ.

ಅದು ಈಗ ಬೀಗರಾಗುವವರ ಎದುರಿಗೆ ಪರದೆಯ ಮೇಲೆ ಬರಲಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯಲ್ಲಿ ಬದನೆಕಾಯಿಯ ಪ್ರಸ್ತಾಪವಿಲ್ಲ, ನಿಜ. ಆದರೆ ಬದನೆಕಾಯಿ ಅಡಿಕೆಗಿಂತ ದೊಡ್ಡದೇ ಅಲ್ಲವೇ?

ಶೀನಣ್ಣ ತಪ್ಪಿಸಿಕೊಳ್ಳಲು ಪಟ್ಟ ಪಾಡು ಒಂದೆರಡಲ್ಲ. ಮಲ್ಲಿಕಾರ್ಜುನಯ್ಯನವರಿಗೆ, “ನನಗೆ ಈ ಸನ್ಮಾನ ಬೇಡಿ, ಯೋಗ್ಯತೆ ಇಲ್ಲ,” ಎಂದ. ಅವರು ಕರಗಿಹೋಗಿ ಮೈಸೂರು ಪೇಟವನ್ನೂ ಸೇರಿಸಿದರು. ಜ್ವರ ಎಂದು ಮಲಗಿದ. “ಹಾಸಿಗೆ ಸಮೇತ ಎತ್ತಿಸ್ಕೊಂಡು ಹೋಗ್ತೀವಿ, ಯೋಚನೆ ಮಾಡ್ಬೇಡಿ,” ಎಂದು ಧೈರ್ಯ ತುಂಬಿದರು. ಶ್ರೀಹರಿ ರಾಯರ ಮನೆಗೇ ಹೋಗಿ, “ಬಿಸಿಲು ಜಾಸ್ತಿ, ತಾವು ದಯವಿಟ್ಟು ಬರಬೇಡಿ,” ಎಂದು ಕೈಮುಗಿದ. ರಾಯರು ಹೆಂಡತಿಯ ಕಡೆ ತಿರುಗಿ, “ನೋಡಿದ್ಯಾ, ಎಂಥ ಸಂಕೋಚ! ಇಂಥವರ ಮನೆ ಹೆಣ್ಣು ತರಬೇಕು,” ಎಂದು ತಮ್ಮ ಕಡೆಯ ಇನ್ನೂ ಹನ್ನೆರಡು ಜನರನ್ನು ಹೊರಡಿಸಿದರು.

ಭಾನುವಾರ ಛತ್ರ ತುಂಬಿತು. ಮುಂದಿನ ಸಾಲಿನಲ್ಲಿ ಜೋಡಿ ನಿರ್ದೇಶಕರು, ಅವರ ಪಕ್ಕ ರಾಯರು, ಆಮೇಲೆ ಶೀನಣ್ಣ, ಚೂಡಾಮಣಿ. ದೀಪ ಆರುವ ಮುಂಚೆ ಶೀನಣ್ಣ ಒಮ್ಮೆ ಹಿಂದಕ್ಕೆ ತಿರುಗಿದ. ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಬುಟ್ಟಿ ಇಳಿಸಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದವಳು ಹನುಮಕ್ಕ. ವಾಂಗೀಬಾತಿಗೆ ಬದನೆಕಾಯಿ ಅವಳ ಅಂಗಡಿಯದೇ. ಸಾಕ್ಷಿ ಬಂದಾಯಿತು, ಇನ್ನು ಮಹಜರು ಒಂದು ಬಾಕಿ ಎಂದುಕೊಂಡು ಶೀನಣ್ಣ ಕುರ್ಚಿಯೊಳಗೆ ಕುಸಿದ.

ಚಿತ್ರ ಶುರುವಾಯಿತು. ಶೀನಣ್ಣನ ಜೀವಮಾನದಲ್ಲಿ ಮೊದಲ ಸಲ ಹೆಸರುಗಳು ಓದಿಸಿಕೊಳ್ಳದೆ ಹೋದವು. ಗಾಂಧಿ ಬಜಾರ್ ಬಂತು. ಬೆನ್ನು ಬಂತು. ತೇಪೆ ಕಂಡು ಛತ್ರವೆಲ್ಲ ಚಪ್ಪಾಳೆ. ‘ಕೊಸರು ಹಾಕಮ್ಮ’ ಎಂಬ ಧ್ವನಿಗೆ ನಗುವಿನ ಅಲೆ. ನಾಲ್ಕು ಸೆಕೆಂಡು ಮುಗಿಯಿತು, ದೃಶ್ಯ ಮುಗಿಯಲಿಲ್ಲ. ಹನುಮಕ್ಕ ಆಚೆ ತಿರುಗಿದಳು. ಪರದೆಯ ಮೇಲೆ, ಆನೆಯ ಸೊಂಡಿಲಿನಷ್ಟು ದೊಡ್ಡದಾಗಿ, ಒಂದು ಕೈ ಗುಡ್ಡೆಯ ಕಡೆ ಹೊರಟಿತು.

ಬದನೆಕಾಯಿ ಚೀಲಕ್ಕೆ ಬಿತ್ತು.

“ನಿಲ್ಲಿಸಿ!” ಎಂದು ಶ್ರೀಹರಿ ರಾಯರು ಕೋಲು ಕುಟ್ಟಿ ಎದ್ದು ನಿಂತರು. ದೀಪ ಹತ್ತಿತು. “ಆ ಭಾಗ ಇನ್ನೊಂದು ಸಲ ಹಾಕಿ!”

ರೀಲನ್ನು ಹಿಂದಕ್ಕೆ ಸುತ್ತಲು ಆಪರೇಟರಿಗೆ ಹತ್ತು ನಿಮಿಷ ಹಿಡಿಯಿತು. ಶೀನಣ್ಣನ ಮಟ್ಟಿಗೆ ಅದು ಹತ್ತು ವರ್ಷ. ಮಲ್ಲಿಕಾರ್ಜುನಯ್ಯನವರು ಶಾಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಪಕ್ಕದ ಮನೆಯಾಕೆ, “ಹೋದ ತಿಂಗಳು ನಮ್ಮ ಹಿತ್ತಿಲ ನಿಂಬೆಹಣ್ಣು ಕಾಣೆಯಾಗಿತ್ತು, ನಾನು ಅಳಿಲು ಅಂದ್ಕೊಂಡಿದ್ದೆ,” ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು. ಅರ್ಜಿಯ ಗುಮಾಸ್ತರು, “ಅರ್ಜಿಯಲ್ಲಿ ಈ ವಿಷಯ ನಮೂದಿಸಿಲ್ಲ,” ಎಂದರು. ಚೂಡಾಮಣಿ ಮಾತ್ರ ಗಂಡನ ಕಡೆ ಬಗ್ಗಿ ಪಿಸುಗುಟ್ಟಿದಳು. “ಅದರಲ್ಲಿ ಹುಳ ಇತ್ತು ಕಣ್ರೀ. ಕೊಸರಿಂದಲ್ವಾ ಅಂತ ನಾನು ಸುಮ್ಮನಾದೆ. ಕದಿಯೋರು ಒಂದು ಒಳ್ಳೇದು ನೋಡಿ ಕದೀಬಾರ್ದಿತ್ತಾ?”

ದೃಶ್ಯ ಎರಡನೆಯ ಸಲ ಬಂತು. ರಾಯರು ಪರದೆಯ ಹತ್ತಿರವೇ ಹೋಗಿ ಕೋಲಿನಿಂದ ತೋರಿಸಿದರು.

“ಯಾರೂ ಕೈ ನೋಡ್ಬೇಡಿ! ತಕ್ಕಡಿ ನೋಡಿ! ಆ ಹೆಂಗಸಿನ ಕಿರುಬೆರಳು ಎಲ್ಲಿದೆ ನೋಡಿ!”

ಎಲ್ಲರೂ ನೋಡಿದರು. ಹನುಮಕ್ಕ ತಕ್ಕಡಿ ಎತ್ತಿದ್ದಾಳೆ. ಅವಳ ಎಡಗೈಯ ಕಿರುಬೆರಳು, ಮಗುವಿನ ಕೆನ್ನೆ ಮುಟ್ಟಿದಷ್ಟು ಹಗುರವಾಗಿ, ಬದನೆಕಾಯಿಯ ತಟ್ಟೆಯ ಅಂಚಿನ ಮೇಲಿದೆ.

“ಮೂವತ್ತು ವರ್ಷ ಈ ಬೆರಳು ಹಿಡಿಯೋಕೆ ಅಲೆದಿದೀನಿ ನಾನು!” ಎಂದು ರಾಯರು ಹರ್ಷದಿಂದ ಗದ್ಗದಿತರಾದರು. “ಹೀಗೆ ಒತ್ತಿದ್ರೆ ಅರ್ಧ ಕೆಜಿಗೆ ಒಂದು ಬದನೆಕಾಯಿ ಕಮ್ಮಿ ಬೀಳತ್ತೆ. ಇವರು ಎತ್ತಿದ್ದು ಎಷ್ಟು? ಒಂದು! ಅಲ್ಲಿಗೆ ಏನಾಯ್ತು?”

ಛತ್ರಕ್ಕೆ ಛತ್ರವೇ ಕೂಗಿತು: “ಸರಿತೂಕ!”

ಶಿಳ್ಳೆ, ಚಪ್ಪಾಳೆ ಮುಗಿಲು ಮುಟ್ಟಿದವು. ಅಡುಗೆಮನೆಯ ಬಾಗಿಲಿಂದ ಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಗಳ ನಡುವೆ ನಡೆದು ಬಂದಳು.

“ಯಾರಪ್ಪ ನನ್ ಬೆರಳು ಹಿಡ್ದೋರು? ಒತ್ತಿದ್ದು ದಿಟ. ಇವ್ರು ಎತ್ತಿದ್ದು ನಾನೂ ಓರೆಗಣ್ಣಲ್ಲಿ ಕಂಡೆ. ಕೂಗಿದ್ರೆ ಜನ ಬಂದು ತಕ್ಕಡಿ ನೋಡ್ತಿದ್ರು, ಅದಕ್ಕೇ ಬಾಯಿ ಮುಚ್ಕೊಂಡೆ. ಆಮೇಲೆ ಇಪ್ಪತ್ತೈದು ವರ್ಷ ಇವ್ರು ನನ್ನ ಕಂಡು ದಾರಿ ಬದಲಾಯಿಸೋದು, ನಾನು ಇವ್ರನ್ನ ಕಂಡು ಮುಖ ತಿರುಗಿಸೋದು. ಸಾಕಾಯ್ತು ಸ್ವಾಮಿ!”

ಆಗ ರಾಮಾನುಜರು ಎದ್ದರು. ಕಿವಿಯ ಹತ್ತಿ ತೆಗೆದರು. “ನಾನು ಕೈ ನೋಡಿದ್ದೆ. ಗಿರಾಕಿ ಕಳ್ಳ ಅಂದೆ.”

ಚಲುವರಾಜು ಕಣ್ಣು ಬಿಟ್ಟರು. “ನನಗೆ ತಕ್ಕಡಿ ಸರಪಳಿ ಕಿರ್ ಅಂದಿದ್ದು ಕೇಳಿಸ್ತು. ಬೆರಳು ಬಿದ್ದಿದೆ, ವ್ಯಾಪಾರಿ ಕಳ್ಳಿ ಅಂದೆ.”

“ಮೂರು ದಿನ ಜಗಳ. ಒಪ್ಪಿಗೆ ಆಗಲಿಲ್ಲ, ದೃಶ್ಯ ತೆಗೆದುಬಿಟ್ವಿ.”

“ಇಬ್ಬರು ಕಳ್ಳರನ್ನೂ ಒಟ್ಟಿಗೆ ಕಂಡೋನು ಹೂವಿನ ಬುಟ್ಟಿ ಹಿಂದಿದ್ದ ಮಹಾನಂದ ಒಬ್ಬನೇ. ಅವನನ್ನ ಒಂದು ಮಾತು ಕೇಳೋಣ ಅಂತ ನಮಗೆ ಹೊಳೆದದ್ದು ಹೋದ ವರ್ಷ!”

ಜನ ಮತ್ತೆ ನಕ್ಕರು. ರಾಯರು ಶೀನಣ್ಣನ ಕೈ ಹಿಡಿದು ಎತ್ತಿ, “ನನ್ನ ಸರ್ವೀಸಿನಲ್ಲಿ ನನಗೆ ಸಿಗದ ಬೆರಳನ್ನ ಅಲ್ಲೇ ಪತ್ತೆಹಚ್ಚಿ, ಅಲ್ಲೇ ಲೆಕ್ಕ ಸರಿಮಾಡಿದ ಏಕೈಕ ಗಿರಾಕಿ ನಮ್ಮ ಬೀಗರು!” ಎಂದು ಘೋಷಿಸಿದರು. ಮಲ್ಲಿಕಾರ್ಜುನಯ್ಯನವರ ಶಾಲು ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು.

ಶೀನಣ್ಣನನ್ನು ಮೈಕಿನ ಮುಂದೆ ನಿಲ್ಲಿಸಿದರು. ‘ಹೌದು, ನನಗೆ ಆಗಲೇ ಗೊತ್ತಿತ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಜೀವಮಾನವಿಡೀ ನಡೆಯುತ್ತಿತ್ತು. ಅಷ್ಟರಲ್ಲಿ ಆಪರೇಟರು, ಯಾವ ಗುಂಡಿ ಒತ್ತಿದನೋ ಏನೋ, ಹಿಂದಿನ ಪರದೆಯ ಮೇಲೆ ಕೊನೆಯ ರೀಲು ಓಡಿ ಆ ಸಾಲು ಬಂದು ನಿಂತಿತು: ‘ಹೆಸರು ಕೇಳಲು ಮರೆತ ಇಬ್ಬರಿಗೆ ನಮಸ್ಕಾರ’. ಮೂವತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು. ಅಚ್ಚಿನಲ್ಲಿ ತಪ್ಪು ಕಂಡ ಮೇಲೆ ಅದಕ್ಕೆ ಸುಮ್ಮನಿರಲು ಬಾರದು.

ಶೀನಣ್ಣ ಹದಿನಾಲ್ಕು ಪುಟವನ್ನು ಮಡಚಿ ಜೇಬಿಗಿಟ್ಟ.

“ನನಗೆ ಬೆರಳು ಗಿರಳು ಏನೂ ಗೊತ್ತಿರ್ಲಿಲ್ಲ. ನಾನು ಎತ್ತಿದ್ದು ಆಸೆಗೆ. ಅಭಿನಯಾನೂ ಅಲ್ಲ, ಏನೂ ಅಲ್ಲ. ಆದ್ರೆ ಆ ಸಾಲಿನಲ್ಲಿ ಒಂದು ತಪ್ಪು ಉಳಿದುಹೋಗಿದೆ. ಇಪ್ಪತ್ತೈದು ವರ್ಷ ನಾನು ಅದನ್ನ ಓದಿದೀನಿ, ಒಬ್ಬನೇ ಅಂತ ಓದಿದೀನಿ. ಇಬ್ಬರು ಅಂತಿದೆ, ಹೆಸರಿಲ್ಲ. ತಿದ್ದುಪಡಿ ಬರ್ಕೊಳ್ಳಿ: ಶೀನಣ್ಣ, ತ್ಯಾಗರಾಜನಗರ. ಹನುಮಕ್ಕ, ಗಾಂಧಿ ಬಜಾರ್.” ಸ್ವಲ್ಪ ತಡೆದು, “ಇಲ್ಲ, ಹನುಮಕ್ಕನ ಹೆಸರು ಮೊದಲು ಹಾಕಿ. ಅವರದು ಮುಖ ಕಾಣತ್ತೆ,” ಎಂದ.

ರಾಯರು ಕೋಲನ್ನು ಪಕ್ಕಕ್ಕಿಟ್ಟರು. ಆಮೇಲೆ ಚೂಡಾಮಣಿಯ ಕಡೆ ತಿರುಗಿ, “ನಿಶ್ಚಿತಾರ್ಥ ಬುಧವಾರವೇ ಇಟ್ಕೊಳ್ಳೋಣಮ್ಮ. ಕೈ ಹೆಂಗೋ ಇರ್ಲಿ, ಬಾಯಿ ಶುದ್ಧವಾಗಿದೆ,” ಎಂದರು.

ನಿರ್ದೇಶಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೇ ತಲೆಯಾಡಿಸಿದರು. ಓಕೆ ಆಯಿತು. ಮೈಸೂರು ಪೇಟ ಹನುಮಕ್ಕನ ತಲೆಯೇರಿತು, ಶಾಲು ಶೀನಣ್ಣನಿಗೆ. ಮಲ್ಲಿಕಾರ್ಜುನಯ್ಯನವರು ಶಾಲು ಹೊದಿಸಲು ಎದುರಿಗೆ ಬಂದಾಗ ರಾಮಾನುಜರು ಗದರಿದರು. “ಆ ಕಡೆಯಿಂದಲ್ಲ ಸ್ವಾಮಿ! ಸನ್ಮಾನ ಇರೋದು ಬೆನ್ನಿಗೆ!” ಹಾಗಾಗಿ ಶೀನಣ್ಣ ಸಭೆಗೆ ಬೆನ್ನು ತಿರುಗಿಸಿ, ಕೊಂಚ ಬಗ್ಗಿ, ಸನ್ಮಾನ ಸ್ವೀಕರಿಸಿದ. ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣಲಿಲ್ಲ, ಅದೊಂದು ಅನುಕೂಲವಾಯಿತು.

ಮರುದಿನ ಶೀನಣ್ಣ ಹೂವಿನ ಅಂಗಡಿಗಳನ್ನು ಸುತ್ತದೆ ನೇರವಾಗಿ ಹನುಮಕ್ಕನ ಮೂಲೆಗೆ ಹೋದ. ಅವಳು ಪೇಟ ಇಟ್ಟುಕೊಂಡೇ ವ್ಯಾಪಾರ ಮಾಡುತ್ತಿದ್ದಳು. ಸುತ್ತ ಜನವೋ ಜನ. ಅರ್ಧ ಕೆಜಿ ಬದನೆಕಾಯಿ ತೂಗಿದಳು. ಅವಳ ಕಿರುಬೆರಳು ಎಲ್ಲರಿಗೂ ಕಾಣುವಂತೆ ಆಕಾಶ ನೋಡುತ್ತಿತ್ತು. ಶೀನಣ್ಣನ ಎರಡೂ ಕೈ ಎಲ್ಲರಿಗೂ ಕಾಣುವಂತೆ ಬೆನ್ನ ಹಿಂದೆ ಇದ್ದವು. ತೂಕವಾದ ಮೇಲೆ ಹನುಮಕ್ಕ ಹುಡುಕಿ ಹುಡುಕಿ ಒಂದು ಎಳೆಯ ಬದನೆಕಾಯಿ ಆರಿಸಿ, ಹುಳವಿಲ್ಲವೆಂದು ತಿರುಗಿಸಿ ತೋರಿಸಿ, ಚೀಲಕ್ಕೆ ಹಾಕಿದಳು. ಕೊಸರು!

ಶೀನಣ್ಣನ ಎದೆ ಎರಡಂಗುಲ ಉಬ್ಬಿತು. ಪಕ್ಕದಲ್ಲಿದ್ದ ಅಪರಿಚಿತ ಗಿರಾಕಿಗೆ, ಕೇಳದಿದ್ದರೂ, “ನಾವಿಬ್ಬರೂ ಒಂದೇ ಚಿತ್ರದಲ್ಲಿ ಪಾರ್ಟು ಮಾಡಿದೀವಿ,” ಎಂದ.

“ಪಾರ್ಟು ಮಾಡಿದ್ದು ನಾನು,” ಎಂದಳು ಹನುಮಕ್ಕ, ಪೇಟ ಸರಿಮಾಡಿಕೊಳ್ಳುತ್ತಾ. “ಇವ್ರು ಬರೀ ಕದ್ರು.”

“ಹೌದು ಹೌದು,” ಎಂದ ಶೀನಣ್ಣ ಆ ಗಿರಾಕಿಗೆ, ಹೆಮ್ಮೆಯಿಂದ ಬೆನ್ನು ತಿರುಗಿಸಿ ತೋರಿಸುತ್ತಾ. “ಕದ್ದೋನು ನಾನೇ.”